ಯಂತ್ರಗಳ ಮುಯ್ಯಾಳು

ಮುಯ್ಯಾಳು ಎಂಬ ಮಾತು ಹಳ್ಳಿಯ ಬಾಳನ್ನು ಬಲ್ಲ ವಾಚಕರಿಗೆ ಹೊಸದಲ್ಲ. ಇಂದು ನಿಮ್ಮ ಗದ್ದೆಯ ನಾಟಿಗೆ ನಮ್ಮ ಮನೆಯವರು ನಾಲ್ವರು ಬಂದರೆ, ನಾಳೆ ನಮ್ಮ ಗದ್ದೆಯ ನಾಟಿಗೆ ನಿಮ್ಮ ಮನೆಯವರು ನಾಲ್ವರು ಬರತಕ್ಕದ್ದು. ಕೂಲಿಯ ಮಾತಿಲ್ಲ, ಕಾಗದ ಪತ್ರವಿಲ್ಲ, ಸಾಕ್ಷಿ ಸಹಿಯಿಲ್ಲ. ಆದರೂ ಲೆಕ್ಕ ಮಾತ್ರ ಇಬ್ಬರ ಮನಸ್ಸಿನಲ್ಲಿಯೂ ಚೊಕ್ಕವಾಗಿರುತ್ತದೆ. ಮದುವೆ ಮುಂಜಿಗಳಲ್ಲಿ ಮುಯ್ಯಿ ಮಾಡುವುದೂ ಇದೇ ಲೆಕ್ಕದ್ದೇ. ಆದರೆ ನಮ್ಮ ಭಾಷೆಯ ಜಾಣ್ಮೆಯನ್ನು ನೋಡಿ. ಹಗೆ ತೀರಿಸಿಕೊಳ್ಳುವುದಕ್ಕೂ ನಾವು ಮುಯ್ಯಿ ತೀರಿಸಿಕೊಳ್ಳುವುದು ಎಂದೇ ಹೇಳುತ್ತೇವೆ. ಉಪಕಾರಕ್ಕೆ ಪ್ರತ್ಯುಪಕಾರ, ಅಪಕಾರಕ್ಕೆ ಪ್ರತ್ಯಪಕಾರ, ಈ ಎರಡೂ ಒಂದೇ ಪದದ ಗರ್ಭದಲ್ಲಿ ಅಡಗಿವೆ.

ನಾನೀಗ ಹೇಳಹೊರಟಿರುವುದು ಮನುಷ್ಯರ ಮುಯ್ಯಿಯ ವಿಚಾರವನ್ನಲ್ಲ, ಯಂತ್ರಗಳ ಮುಯ್ಯಿಯ ವಿಚಾರವನ್ನು. ಕನ್ನಡ ಪಂಡಿತನಿಗೆ ಯಂತ್ರಗಳ ಗೊಡವೆ ಏಕೆಂದು ನೀವು ಕೇಳಬಹುದು. ಪ್ರೌಢಶಾಲೆಯಲ್ಲಿ ಪಾಠ ಹೇಳುವವನಿಗೆ ಇಂದಿನ ಹುಡುಗರ ಪ್ರಶ್ನೆಗಳಿಂದ ತಪ್ಪಿಸಿಕೊಳ್ಳುವ ದಾರಿಯಿಲ್ಲ. ಅದು ಒಂದು ಕಾರಣ. ಈ ಪ್ರಶ್ನೆ ಮೇಲುನೋಟಕ್ಕೆ ಯಂತ್ರಶಾಸ್ತ್ರದ್ದಾಗಿ ಕಂಡರೂ ಬುಡದಲ್ಲಿ ನೆರೆಹೊರೆಯ ನೀತಿಯದಾಗಿದೆ. ಇದು ಇನ್ನೊಂದು ಕಾರಣ. ಬೇರೆ ಬೇರೆ ಒಡೆಯರಿಗೆ ಸೇರಿದ ಪುಟ್ಟ ಯಂತ್ರಗಳು ಒಂದೇ ಬಯಲಿನಲ್ಲಿ ನಿಂತಿರುವಾಗ ಒಂದರ ಹೊರೆಯನ್ನು ಇನ್ನೊಂದು ಹೊರಬೇಕೆ? ಹೊತ್ತರೆ ಯಾರಿಗೆ ಲಾಭ? ಹೊರದೆಹೋದರೆ ಕೇಳುವವರು ಯಾರು?

ಮೊದಲು ಈ ಯಂತ್ರಗಳ ಪರಿಚಯವಾಗಲಿ. ಅಂಗೈಯಲ್ಲಿ ಹಿಡಿಸುವ ಒಂದು ಪೆಟ್ಟಿಗೆಯನ್ನು ಕಲ್ಪಿಸಿಕೊಳ್ಳಿ. ಅದರಲ್ಲಿ ಮಣ್ಣಿನ ತೇವವನ್ನೋ ಗಾಳಿಯ ಉಷ್ಣವನ್ನೋ ಅಳೆಯುವ ಒಂದು ಸಾಧನ, ಒಂದು ಅತಿ ಸಣ್ಣ ಕಂಪ್ಯೂಟರು, ಒಂದು ರೇಡಿಯೋ, ಇವುಗಳಿಗೆಲ್ಲ ಉಸಿರಾಗಿ ಎರಡು ಬ್ಯಾಟರಿ. ಇಂಗ್ಲಿಷಿನಲ್ಲಿ ಸೆನ್ಸರ್ ಎನ್ನುವ ಇದನ್ನು ಕನ್ನಡದಲ್ಲಿ ಸಂವೇದಕ ಎಂದು ಕರೆಯುವುದು ವಾಡಿಕೆ. ಇಂಥ ಹತ್ತಾರು ಪೆಟ್ಟಿಗೆಗಳನ್ನು ಒಂದು ಬಯಲಿನಲ್ಲಿ ಹರಡಿದರೆ ಅವು ತಂತಿಯ ಹಂಗಿಲ್ಲದೆ ಒಂದರೊಡನೊಂದು ಮಾತನಾಡಿಕೊಂಡು, ತಾವು ಕಂಡುದನ್ನು ಒಂದು ಸಂಗ್ರಹ ಕೇಂದ್ರಕ್ಕೆ ಮುಟ್ಟಿಸುತ್ತವೆ. ಇದೇ ನಿಸ್ತಂತು ಸಂವೇದಕ ಜಾಲ.

ಈ ವಿದ್ಯೆಯ ಆರಂಭದ ಪ್ರಯೋಗಗಳಲ್ಲಿ ಪ್ರಸಿದ್ಧವಾದುದೊಂದು ೨೦೦೨ರ ಬೇಸಗೆಯಲ್ಲಿ ಅಮೆರಿಕದ ಮೇನ್ ಸಂಸ್ಥಾನದ ಕರಾವಳಿಯ ಗ್ರೇಟ್ ಡಕ್ ಎಂಬ ದ್ವೀಪದಲ್ಲಿ ನಡೆಯಿತು. ಅಲ್ಲಿ ನೆಲದಲ್ಲಿ ಬಿಲ ತೋಡಿ ಗೂಡು ಮಾಡುವ ಪೆಟ್ರೆಲ್ ಎಂಬ ಕಡಲಹಕ್ಕಿಗಳಿವೆ. ಮನುಷ್ಯ ಮತ್ತೆ ಮತ್ತೆ ಹತ್ತಿರ ಸುಳಿದರೆ ಅವು ಗೂಡನ್ನು ಬಿಟ್ಟುಹೋಗಬಹುದು. ಬರ್ಕ್ಲಿಯ ವಿಶ್ವವಿದ್ಯಾನಿಲಯದ ವಿದ್ವಾಂಸರೂ ಅವರ ಸಹೋದ್ಯೋಗಿಗಳೂ ೩೨ ಸಂವೇದಕಗಳನ್ನು ಅಲ್ಲಿಟ್ಟು, ಹಕ್ಕಿಗಳ ನೆಮ್ಮದಿಯನ್ನು ಕೆಡಿಸದೆ ಗೂಡುಗಳ ಒಳಗಿನ ಉಷ್ಣ ಮೊದಲಾದುವನ್ನು ದೂರದಿಂದಲೇ ಅರಿತರು. ಆ ಜಾಲಕ್ಕೆ ಒಡೆಯರು ಒಬ್ಬರೇ ಆಗಿದ್ದುದರಿಂದ ಪಾಲಿನ ಪ್ರಶ್ನೆ ಏಳಲಿಲ್ಲ.

ಈಗ ಬ್ಯಾಟರಿಯ ವಿಚಾರ. ಇಲ್ಲಿಯೇ ಕಥೆಯ ಕೀಲಿರುವುದು. ಇಂಥ ಉಪಕರಣಗಳಲ್ಲಿ ಒಂದು ಕಾಲದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಸಿಸಿ ೨೪೨೦ ಎಂಬ ರೇಡಿಯೋ ಚಿಪ್ಪು ಮಾತನಾಡುವಾಗ ೧೭.೪ ಮಿಲಿಆಂಪಿಯರ್ ವಿದ್ಯುತ್ತನ್ನು ಬಳಸಿದರೆ, ಕೇಳುವಾಗ ೧೮.೮ ಮಿಲಿಆಂಪಿಯರ್ ಬಳಸುತ್ತಿತ್ತು. ನೀವು ಆಶ್ಚರ್ಯಪಡಬಹುದು, ಆದರೆ ಅಲ್ಲಿ ಹೇಳುವುದಕ್ಕಿಂತ ಕೇಳುವುದಕ್ಕೇ ಖರ್ಚು ಸ್ವಲ್ಪ ಹೆಚ್ಚು! ಪೆನ್ಸಿಲ್ ಗಾತ್ರದ ಎರಡು ಬ್ಯಾಟರಿಗಳ ಜೋಡಿ ಸುಮಾರು ೨,೦೦೦ ಮಿಲಿಆಂಪಿಯರ್-ಗಂಟೆಗಳಷ್ಟು ಶಕ್ತಿಯನ್ನು ಕೊಡುತ್ತದೆಂದು ಇಟ್ಟುಕೊಳ್ಳೋಣ. ಲೆಕ್ಕದ ಅನುಕೂಲಕ್ಕೆ ಖರ್ಚನ್ನು ೨೦ ಎಂದು ಹಿಡಿದರೆ, ಎಡೆಬಿಡದೆ ಎಚ್ಚರವಾಗಿರುವ ರೇಡಿಯೋ ೧೦೦ ಗಂಟೆಗಳಲ್ಲಿ, ಎಂದರೆ ನಾಲ್ಕು ದಿನ ಚಿಲ್ಲರೆಯಲ್ಲಿ, ಪ್ರಾಣ ಬಿಡುತ್ತದೆ. ಅದೇ ರೇಡಿಯೋ ನೂರು ಕ್ಷಣಗಳಲ್ಲಿ ಒಂದು ಕ್ಷಣ ಮಾತ್ರ ಎಚ್ಚರವಿದ್ದು ಮಿಕ್ಕ ತೊಂಬತ್ತೊಂಬತ್ತರಲ್ಲಿ ನಿದ್ರಿಸಿದರೆ, ಇತರ ಸಣ್ಣ ವೆಚ್ಚಗಳನ್ನು ಬಿಟ್ಟು ನೋಡಿದಾಗ, ಒಂದು ವರ್ಷಕ್ಕೂ ಮೇಲೆ ಬಾಳುತ್ತದೆ. ಆದ್ದರಿಂದ ಸಂವೇದಕಕ್ಕೆ ನಿದ್ರೆಯೇ ಆಯುಸ್ಸು. ಪರರಿಗಾಗಿ ಎಚ್ಚರವಾಗಿರುವ ಒಂದೊಂದು ಕ್ಷಣವೂ ಅದರ ಆಯುಸ್ಸಿನಿಂದ ಕಳೆದುಹೋದ ಕ್ಷಣ.

ಆದರೂ ಪರರಿಗಾಗಿ ಎಚ್ಚರವಾಗಿರದೆ ಗತಿಯಿಲ್ಲ. ಏಕೆಂದರೆ ರೇಡಿಯೋ ಅಲೆ ದೂರ ಹೋದಂತೆಲ್ಲ ಬೇಗ ಸೊರಗುತ್ತದೆ. ಅಡ್ಡಿಯಿಲ್ಲದ ಬಯಲಿನಲ್ಲಿ ದೂರ ಎರಡರಷ್ಟಾದರೆ ಮುಟ್ಟುವ ಬಲ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ನೆಲಕ್ಕೆ ಹತ್ತಿರದಲ್ಲಿ, ಪೈರು ಪಚ್ಚೆಗಳ ನಡುವೆ, ಇನ್ನೂ ಕಡಿಮೆಯಾಗುತ್ತದೆ. ಆದುದರಿಂದ ದೂರದ ಸಂವೇದಕ ತನ್ನ ಸಂದೇಶವನ್ನು ನೆರೆಯ ಸಂವೇದಕಕ್ಕೆ ಹೇಳುತ್ತದೆ, ಅದು ತನ್ನ ನೆರೆಯದಕ್ಕೆ, ಅದು ಮುಂದಿನದಕ್ಕೆ. ಹೀಗೆ ಇಟ್ಟಿಗೆಯನ್ನು ಕೈಯಿಂದ ಕೈಗೆ ದಾಟಿಸುವಂತೆ ಸಂದೇಶ ಕೇಂದ್ರವನ್ನು ಸೇರುತ್ತದೆ. ಈ ಸಾಲಿನಲ್ಲಿ ಕೇಂದ್ರಕ್ಕೆ ಅತಿ ಸಮೀಪದಲ್ಲಿರುವವರ ಪಾಡೇನು? ಊರಿನ ಹೊರೆಯೆಲ್ಲ ಅವರ ತಲೆಯ ಮೇಲೆ. ಬ್ಯಾಟರಿ ಮೊದಲು ಬರಿದಾಗುವುದು ಅವರದೇ. ಅವು ಸತ್ತವೆಂದರೆ, ದೂರದವು ಬದುಕಿದ್ದರೂ ಅವುಗಳ ಮಾತು ಕೇಂದ್ರಕ್ಕೆ ಮುಟ್ಟದೆ ಜಾಲವೇ ಮೂಕವಾಗುತ್ತದೆ.

ಈಗ ಒಂದೇ ಬಯಲಿನಲ್ಲಿ ಇಬ್ಬರು ಒಡೆಯರ ಎರಡು ಜಾಲಗಳಿವೆಯೆಂದು ಊಹಿಸಿಕೊಳ್ಳಿ. ಒಂದು ಜಾಲದ ಕೇಂದ್ರ ಮೂಡಲ ದಿಕ್ಕಿನಲ್ಲಿದೆ, ಇನ್ನೊಂದರ ಕೇಂದ್ರ ಪಡುವಲಲ್ಲಿದೆ. ಮೊದಲನೆಯ ಒಡೆಯನ ಪಡುವಣ ಸಂವೇದಕಗಳು ತಮ್ಮ ಸಂದೇಶವನ್ನು ಬಯಲಿನ ಉದ್ದಕ್ಕೂ ಸಾಗಿಸಿ ಮೂಡಲಿಗೆ ಮುಟ್ಟಿಸಬೇಕು. ಎರಡನೆಯವನ ಮೂಡಣ ಸಂವೇದಕಗಳದ್ದು ಇದಕ್ಕೆ ತಿರುಗಾದ ಪಾಡು. ಪ್ರತಿಯೊಂದು ಸಂದೇಶವನ್ನೂ ಹತ್ತಿರದ ಕೇಂದ್ರವೇ ಸ್ವೀಕರಿಸುವುದೆಂದು ಇಬ್ಬರೂ ಒಪ್ಪಿಕೊಂಡರೆ ಇಬ್ಬರ ಹೊರೆಯೂ ಇಳಿಯುತ್ತದೆ, ಇಬ್ಬರ ಬ್ಯಾಟರಿಯೂ ಹೆಚ್ಚು ಕಾಲ ಬಾಳುತ್ತದೆ. ಯಾರೂ ಹೊಸದಾಗಿ ಏನನ್ನೂ ಕೊಂಡು ತರಬೇಕಾಗಿಲ್ಲ. ಇದ್ದುದನ್ನು ಹಂಚಿಕೊಂಡರೆ ಸಾಕು.

ಇಷ್ಟು ಸ್ಪಷ್ಟವಾದ ಲಾಭವಿದ್ದರೆ ಜಗಳವೆಲ್ಲಿಂದ ಬಂತು? ಒಂದು ಸಣ್ಣ ಲೆಕ್ಕವನ್ನು ನೋಡಿ. ಪರರ ಹೊರೆಯನ್ನು ಹೊರುವ ವೆಚ್ಚ ಒಂದು ರೂಪಾಯಿ, ನಮ್ಮ ಹೊರೆಯನ್ನು ಪರರು ಹೊತ್ತರೆ ನಮಗಾಗುವ ಲಾಭ ಮೂರು ರೂಪಾಯಿ ಎಂದಿಟ್ಟುಕೊಳ್ಳೋಣ. ಇಬ್ಬರೂ ಹೊತ್ತರೆ ಇಬ್ಬರಿಗೂ ಎರಡೆರಡು ರೂಪಾಯಿ ಉಳಿಯುತ್ತದೆ. ಇಬ್ಬರೂ ಹೊರದಿದ್ದರೆ ಇಬ್ಬರಿಗೂ ಸೊನ್ನೆ. ಆದರೆ ನೀವು ಹೊತ್ತು ನಾನು ಹೊರದಿದ್ದರೆ ನನಗೆ ಮೂರು ರೂಪಾಯಿ ಲಾಭ, ನಿಮಗೆ ಒಂದು ರೂಪಾಯಿ ನಷ್ಟ. ಆದ್ದರಿಂದ ನೀವು ಏನೇ ಮಾಡಿದರೂ ನಾನು ಹೊರದಿರುವುದೇ ನನಗೆ ಮೇಲು. ನೀವೂ ಹಾಗೆಯೇ ಲೆಕ್ಕ ಹಾಕುತ್ತೀರಿ. ಕೊನೆಗೆ ಇಬ್ಬರು ಜಾಣರೂ ಸೊನ್ನೆಯನ್ನು ಹಂಚಿಕೊಂಡು ಕುಳಿತುಕೊಳ್ಳುತ್ತೇವೆ! ಈ ಬಗೆಯ ಇಕ್ಕಟ್ಟಿಗೆ ವಿದ್ವಾಂಸರು ೧೯೫೦ರಿಂದ ಈಚೆಗೆ ಕೈದಿಗಳ ಇಕ್ಕಟ್ಟು ಎಂಬ ಹೆಸರಿಟ್ಟಿದ್ದಾರೆ. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ದನವನ್ನು ಬಿಟ್ಟು ಬಿಟ್ಟು ಕೊನೆಗೆ ಗೋಮಾಳವೇ ಹಾಳಾಗುವ ಪರಿಯನ್ನು ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ವಿಜ್ಞಾನಿ ೧೯೬೮ರಲ್ಲಿ ಒಂದು ಪ್ರಬಂಧದಲ್ಲಿ ವರ್ಣಿಸಿದನು. ಅದೂ ಇದೇ ಜಾತಿಯ ದುರಂತ.

ಹಾಗಾದರೆ ಮುಯ್ಯಾಳಿನ ಪದ್ಧತಿ ನಮ್ಮ ಹಳ್ಳಿಗಳಲ್ಲಿ ತಲೆಮಾರುಗಳ ಕಾಲ ಹೇಗೆ ನಡೆದುಬಂತು? ಉತ್ತರ ಸುಲಭ. ಅಲ್ಲಿ ಆಟ ಒಂದು ದಿನಕ್ಕೆ ಮುಗಿಯುವುದಿಲ್ಲ. ಇಂದು ಕೈಕೊಟ್ಟವನನ್ನು ನಾಳೆ ಮತ್ತೆ ಕಾಣಲೇಬೇಕು. ಅಮೆರಿಕದ ರಾಬರ್ಟ್ ಆಕ್ಸೆಲ್‌ರಾಡ್ ಎಂಬ ಪ್ರಾಧ್ಯಾಪಕರು ೧೯೮೦ರ ಸುಮಾರಿಗೆ ಇದನ್ನು ಪರೀಕ್ಷಿಸಲು ಕಂಪ್ಯೂಟರಿನಲ್ಲಿ ಒಂದು ಪಂದ್ಯವನ್ನೇ ಏರ್ಪಡಿಸಿದರು. ಮೊದಲ ಸಲ ೧೪ ಮಂದಿ, ಎರಡನೆಯ ಸಲ ೬೨ ಮಂದಿ ತಮ್ಮ ತಮ್ಮ ಯುಕ್ತಿಗಳನ್ನು ಕಳುಹಿಸಿದರು. ಎರಡು ಸಲವೂ ಗೆದ್ದುದು ಅನಟೋಲ್ ರಾಪೊಪೋರ್ಟ್ ಎಂಬ ಗಣಿತಜ್ಞರ ಅತಿ ಸರಳವಾದ ಯುಕ್ತಿ: ಮೊದಲು ಉಪಕಾರ ಮಾಡು, ಆಮೇಲೆ ಎದುರಿನವನು ಹಿಂದಿನ ಸಲ ಮಾಡಿದುದನ್ನೇ ನೀನೂ ಮಾಡು. ಇದನ್ನು ಕನ್ನಡಕ್ಕೆ ತರಲು ಹೊಸ ಪದ ಬೇಕೆ? ಮುಯ್ಯಿಗೆ ಮುಯ್ಯಿ ಎಂದರಾಯಿತು. ನಮ್ಮ ಪದದಲ್ಲಿ ಅಡಗಿರುವ ಎರಡು ಅರ್ಥಗಳೂ ಈ ಯುಕ್ತಿಯ ಎರಡು ಕೈಗಳು.

ಆದರೆ ಸಂವೇದಕಗಳ ಲೋಕದಲ್ಲಿ ಮುಯ್ಯಿಯ ಲೆಕ್ಕವನ್ನಿಡುವುದು ಅಷ್ಟು ಸುಲಭವಲ್ಲ. ನಾಟಿಗೆ ಆಳು ಬಂದನೋ ಇಲ್ಲವೋ ಎಂಬುದು ಕಣ್ಣಿಗೆ ಕಾಣುತ್ತದೆ. ಸಂದೇಶ ಮುಂದಕ್ಕೆ ಹೋಯಿತೋ ಇಲ್ಲವೋ ಎಂಬುದು ಕಾಣುವುದಿಲ್ಲ. ನೆರೆಯವನು ಬೇಕೆಂದೇ ಕೈಬಿಟ್ಟಿರಬಹುದು. ಅಥವಾ ಮಳೆಯಿಂದಲೋ, ಬೆಳೆದ ಪೈರಿನ ಅಡ್ಡಿಯಿಂದಲೋ, ಇಬ್ಬರೂ ಒಮ್ಮೆಗೇ ಮಾತನಾಡಿ ಧ್ವನಿ ಕಲಸಿಹೋದುದರಿಂದಲೋ ಸಂದೇಶ ಕಳೆದುಹೋಗಿರಬಹುದು. ಕಟ್ಟುನಿಟ್ಟಾಗಿ ಮುಯ್ಯಿ ತೀರಿಸಹೊರಟರೆ ಒಂದು ಆಕಸ್ಮಿಕವಾದ ತಪ್ಪಿನಿಂದ ಹಗೆ ಮೊದಲಾಗಿ ಅದಕ್ಕೆ ಕೊನೆಯೇ ಇಲ್ಲದಂತಾಗುತ್ತದೆ. ೧೯೯೨ರಲ್ಲಿ ಮಾರ್ಟಿನ್ ನೋವಾಕ್ ಮತ್ತು ಕಾರ್ಲ್ ಸಿಗ್ಮಂಡ್ ಎಂಬ ವಿದ್ವಾಂಸರು ಇಂಥ ಗೊಂದಲವಿರುವಲ್ಲಿ ಕೆಲವು ಸಲ ತಪ್ಪನ್ನು ಮನ್ನಿಸುವ ಉದಾರವಾದ ಮುಯ್ಯಿಯೇ ಮೇಲೆಂದು ಗಣಿತದಿಂದ ತೋರಿಸಿದರು. ಕ್ಷಮೆಯೆಂಬುದು ಗಣಿತದಲ್ಲಿಯೂ ಗುಣವಾಗಿಯೇ ಕಂಡುಬಂದಿದೆ.

ನೆರೆಯವನ ಮೇಲೆ ಕಾವಲಿಡಬಾರದೆ ಎಂದು ಕೇಳಬಹುದು. ೨೦೦೦ದಲ್ಲಿ ಸ್ಟಾನ್‌ಫರ್ಡ್ ವಿಶ್ವವಿದ್ಯಾನಿಲಯದವರು ಕಾವಲುನಾಯಿ ಎಂದೇ ಹೆಸರಿಟ್ಟು ಒಂದು ಉಪಾಯವನ್ನು ಸೂಚಿಸಿದರು. ಸಂದೇಶವನ್ನು ಕೊಟ್ಟ ಮೇಲೆ ನೆರೆಯದು ಅದನ್ನು ಮುಂದಕ್ಕೆ ಹೇಳುತ್ತದೆಯೇ ಎಂದು ಕಿವಿಗೊಟ್ಟು ಕೇಳುವುದೇ ಆ ಉಪಾಯ. ಒಳ್ಳೆಯದೇ. ಆದರೆ ಕೇಳುವುದಕ್ಕೂ ಖರ್ಚುಂಟೆಂದು ಆಗಲೇ ನೋಡಿದೆವಷ್ಟೆ. ಅಪನಂಬಿಕೆಗೂ ಬೆಲೆ ತೆರಬೇಕು. ಆ ಬೆಲೆ ಬ್ಯಾಟರಿಯಿಂದಲೇ ಹೋಗಬೇಕು.

ಹೀಗಿರುವಲ್ಲಿ ೨೦೦೫ರಲ್ಲಿ ಹಂಗೇರಿಯ ಬುಡಾಪೆಸ್ಟಿನ ಲೆವೆಂಟೆ ಬುಟ್ಯಾನ್ ಮತ್ತು ಅವರ ಸಂಗಡಿಗರು ಬೇರೆ ಬೇರೆ ಒಡೆಯರ ಸಂವೇದಕ ಜಾಲಗಳನ್ನೇ ಎತ್ತಿಕೊಂಡು ಲೆಕ್ಕ ಹಾಕಿದರು. ಹಣದ ಆಮಿಷವನ್ನಾಗಲಿ ಹೊರಗಿನ ಬಲವಂತವನ್ನಾಗಲಿ ಸೇರಿಸದೆಯೇ, ಬಹುಪಾಲು ಸಂದರ್ಭಗಳಲ್ಲಿ ಸಹಕಾರಕ್ಕೆ ಎಡೆಯುಳ್ಳ ಒಂದು ಸಮತೋಲ ಸಾಧ್ಯವೆಂದು ಅವರಿಗೆ ಕಂಡುಬಂತು. ಯಂತ್ರಗಳ ಸಾಲು ವಿರಳವಾಗಿದ್ದು ಪರಿಸರ ಒರಟಾಗಿರುವಲ್ಲಿ ಸಹಕಾರದ ಬೆಲೆ ಹೆಚ್ಚು. ಇದು ನಮ್ಮ ಅನುಭವಕ್ಕೂ ಒಪ್ಪುವ ಮಾತೇ. ಒಂಟಿ ಮನೆಗೆ ನೆರೆಯವನ ಬೆಲೆ ಗೊತ್ತು.

ಆದರೆ ಒಂದು ಎಚ್ಚರಿಕೆ ಬೇಕು. ಮುಯ್ಯಿಗೆ ನಾಳೆ ಎಂಬುದಿರಬೇಕು. ಒಂದು ಋತುವಿನ ಪರೀಕ್ಷೆಗೆಂದು ಪೆಟ್ಟಿಗೆಗಳನ್ನು ನೆಟ್ಟು ಬೆಳೆ ಕುಯ್ಲಾಗುವ ಹೊತ್ತಿಗೆ ಗಂಟು ಕಟ್ಟುವ ಒಡೆಯನಿಗೂ, ಅಲ್ಲಿಯೇ ಹುಟ್ಟಿ ಅಲ್ಲಿಯೇ ಬಾಳುವ ರೈತನಿಗೂ ಈ ಲೆಕ್ಕ ಒಂದೇ ಆಗಿರಲಾರದು.

ಇದು ದೂರದೇಶದ ವಿಚಾರವೆಂದು ಭಾವಿಸಬೇಡಿ. ನಮ್ಮ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನಲ್ಲಿ ಚೆನ್ನಕೇಶವಪುರ ಎಂಬ ಊರಿದೆ. ಕಡಿಮೆ ಮಳೆಯ ಸೀಮೆ. ಕಡಲೆಕಾಯಿಯೇ ಮುಖ್ಯವಾದ ಬೆಳೆ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸ್ವಿಟ್ಸರ್ಲೆಂಡಿನ ಲೊಸಾನ್ ನಗರದ ತಾಂತ್ರಿಕ ವಿದ್ಯಾಲಯವೂ ಕೂಡಿ ಅಲ್ಲಿ ಕಾಮನ್‌ಸೆನ್ಸ್ ನೆಟ್ ಎಂಬ ಯೋಜನೆಯನ್ನು ನಡೆಸಿದವು. ಮಳೆಯನ್ನೇ ನಂಬಿದ ಬಡ ರೈತನಿಗೆ ಯಾವ ತಿಳಿವಳಿಕೆ ಬೇಕೆಂಬುದನ್ನು ರೈತ ಕುಟುಂಬಗಳನ್ನು ಕೇಳಿ ತಿಳಿದು, ಮಣ್ಣಿನ ತೇವ ಮುಂತಾದುವನ್ನು ಅಳೆಯುವ ಸಂವೇದಕಗಳನ್ನು ಹೊಲಗಳಲ್ಲಿಟ್ಟರು. ಅಲ್ಲಿಯ ಪಾಠ ಮುಖ್ಯವಾದುದು. ೨೦೧೫-೧೬ರ ಕೃಷಿ ಗಣತಿಯಂತೆ ನಮ್ಮ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತಾರ ೧.೦೮ ಹೆಕ್ಟೇರ್, ಎಂದರೆ ಎರಡೂವರೆ ಎಕರೆಗಿಂತ ಸ್ವಲ್ಪ ಹೆಚ್ಚು. ಇಷ್ಟು ಸಣ್ಣ ಹೊಲದಲ್ಲಿ ಒಬ್ಬೊಬ್ಬನೂ ತನ್ನದೇ ಕೇಂದ್ರ, ತನ್ನದೇ ಜಾಲ ಎಂದು ಕಟ್ಟಿಕೊಳ್ಳುವುದು ಆಗದ ಮಾತು. ಕೂಡಿಕೊಂಡರೆ ಉಂಟು, ಇಲ್ಲವಾದರೆ ಇಲ್ಲ. ದೊಡ್ಡ ಎಸ್ಟೇಟಿನವನಿಗೆ ಹಂಚಿಕೆ ಒಂದು ಸೌಕರ್ಯ. ಸಣ್ಣ ಹಿಡುವಳಿದಾರನಿಗೆ ಅದೊಂದೇ ದಾರಿ.

ಕೂಡಿಕೊಳ್ಳುವುದಕ್ಕೆ ಕಟ್ಟುಪಾಡು ಬೇಕು. ಹಳೆಯ ಮೈಸೂರಿನ ಕೆರೆಗಳಲ್ಲಿ ನೀರುಗಂಟಿ ಎಂಬವನಿದ್ದನು. ಕೆರೆಯ ತೂಬನ್ನು ತೆಗೆಯುವುದು, ಮುಚ್ಚುವುದು, ಸರದಿಯಂತೆ ಗದ್ದೆಗಳಿಗೆ ನೀರನ್ನು ಹಾಯಿಸುವುದು ಅವನ ಹೊಣೆ. ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಅವನಿಗೆ ಸಂಭಾವನೆ ಸಲ್ಲುತ್ತಿತ್ತು. ಆ ಪದ್ಧತಿಯಲ್ಲಿ ಜಾತಿಯ ಕಟ್ಟೂ ಇತ್ತು, ಬಲಿಷ್ಠರ ದಬ್ಬಾಳಿಕೆಯೂ ಇತ್ತು; ಅದನ್ನು ಮರೆಮಾಡಬೇಕಾಗಿಲ್ಲ. ಆದರೂ ನೀರು ಎಲ್ಲರದು, ಸರದಿ ಒಬ್ಬೊಬ್ಬರದು ಎಂಬ ತತ್ತ್ವ ಅಲ್ಲಿತ್ತು. ಲೋಕದ ನಾನಾ ಕಡೆಯ ಇಂಥ ಏರ್ಪಾಡುಗಳನ್ನು ಪರಿಶೀಲಿಸಿದ ಎಲಿನರ್ ಆಸ್ಟ್ರಮ್ ಎಂಬ ವಿದುಷಿ ೧೯೯೦ರ ತಮ್ಮ ಗ್ರಂಥದಲ್ಲಿ ಹಾರ್ಡಿನ್ ಹೇಳಿದ ದುರಂತ ಅನಿವಾರ್ಯವಲ್ಲವೆಂದು ತೋರಿಸಿದರು. ಯಾರಿಗೆ ಹಕ್ಕುಂಟೆಂಬುದು ಸ್ಪಷ್ಟವಾಗಿರಬೇಕು, ನಿಯಮಗಳು ಆ ಸ್ಥಳಕ್ಕೆ ಒಪ್ಪಬೇಕು, ಬಳಸುವವರೇ ನಿಯಮ ಮಾಡುವುದರಲ್ಲಿ ಪಾಲುಗೊಳ್ಳಬೇಕು, ಕಾವಲಿರಬೇಕು, ತಪ್ಪಿದವನಿಗೆ ಮೊದಲು ಸಣ್ಣ ದಂಡ, ಮತ್ತೆ ತಪ್ಪಿದರೆ ದೊಡ್ಡದು. ೨೦೦೯ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದವರಲ್ಲಿ ಇವರೊಬ್ಬರು. ಆ ಗೌರವ ಪಡೆದ ಮೊದಲ ಮಹಿಳೆ.

ಯಂತ್ರಗಳ ಲೋಕದಲ್ಲಿಯೂ ಇಂಥ ಕಟ್ಟುಪಾಡು ಹುಟ್ಟಿಕೊಂಡಿದೆ. ೨೦೧೫ರಲ್ಲಿ ಹಾಲೆಂಡಿನ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ದಿ ಥಿಂಗ್ಸ್ ನೆಟ್‌ವರ್ಕ್ ಎಂಬ ಸಾರ್ವಜನಿಕ ಜಾಲ ಮೊದಲಾಯಿತು. ಇಲ್ಲಿ ಲೋರಾವಾನ್ ಎಂಬ ಕ್ರಮವನ್ನು ಅನುಸರಿಸುವುದರಿಂದ ಸಂದೇಶ ಕಿಲೋಮೀಟರುಗಳ ದೂರ ನೇರವಾಗಿಯೇ ಸಾಗಿ ಕೇಂದ್ರವನ್ನು ಸೇರುತ್ತದೆ. ಕೈಯಿಂದ ಕೈಗೆ ದಾಟಿಸುವ ಅಗತ್ಯವಿಲ್ಲ. ಯಾರು ಬೇಕಾದರೂ ತಮ್ಮ ಮನೆಯ ಮೇಲೆ ಒಂದು ಕೇಂದ್ರವನ್ನಿಡಬಹುದು. ಆ ಕೇಂದ್ರ ತನ್ನ ಒಡೆಯನದಷ್ಟೇ ಅಲ್ಲದೆ ಆ ಜಾಲಕ್ಕೆ ಸೇರಿದ ಎಲ್ಲರ ಸಂದೇಶವನ್ನೂ ಸಾಗಿಸುತ್ತದೆ. ಆದರೆ ಸರದಿಯುಂಟು. ಒಂದು ಸಂವೇದಕ ದಿನಕ್ಕೆ ೩೦ ಸೆಕೆಂಡಿಗಿಂತ ಹೆಚ್ಚು ಕಾಲ ಗಾಳಿಯಲ್ಲಿ ಮಾತನಾಡಕೂಡದು. ಅದಕ್ಕೆ ಮರಳಿ ಬರುವ ಸಂದೇಶಗಳು ದಿನಕ್ಕೆ ಹತ್ತನ್ನು ಮೀರಕೂಡದು. ಇದು ಆಕಾಶದ ತೂಬಿಗಿಟ್ಟ ನೀರುಗಂಟಿಯ ಲೆಕ್ಕವಲ್ಲದೆ ಮತ್ತೇನು? ನಮ್ಮ ದೇಶದಲ್ಲಿಯೂ ೮೬೫ರಿಂದ ೮೬೭ ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಅಲ್ಪ ಶಕ್ತಿಯ ಉಪಕರಣಗಳಿಗಾಗಿ ಲೈಸೆನ್ಸಿಲ್ಲದೆ ಬಳಸಲು ಸರ್ಕಾರ ೨೦೦೫ರಲ್ಲಿ ಅವಕಾಶ ಕೊಟ್ಟಿತು. ಎಂದರೆ ಗೋಮಾಳ ನಮಗೂ ಉಂಟು. ಅದನ್ನು ಕೆಡಿಸದೆ ಬಳಸುವ ಹೊಣೆಯೂ ಉಂಟು.

ನಮ್ಮ ಸಂದೇಶವನ್ನು ನೆರೆಯವನು ಹೊತ್ತರೆ ಅವನು ಅದನ್ನು ಓದುವುದಿಲ್ಲವೇ ಎಂಬ ಸಂಶಯ ಸಹಜ. ಅಂಚೆಯವನು ಲಕೋಟೆಯನ್ನು ಹೊರುತ್ತಾನೆ, ಒಡೆದು ಓದುವುದಿಲ್ಲ. ಇಲ್ಲಿಯೂ ಹಾಗೆಯೇ. ಲೋರಾವಾನ್ ಕ್ರಮದಲ್ಲಿ ಜಾಲಕ್ಕೆ ಒಂದು ಗುಪ್ತ ಕೀಲಿ, ಒಳಗಿನ ವಿಷಯಕ್ಕೆ ಇನ್ನೊಂದು ಗುಪ್ತ ಕೀಲಿ. ಎರಡನೆಯ ಕೀಲಿ ಇಲ್ಲದವನಿಗೆ ಒಳಗಿನ ಒಕ್ಕಣೆ ತಿಳಿಯದು. ಹೊರುವುದು ಬೇರೆ, ಅರಿಯುವುದು ಬೇರೆ.

ಇನ್ನು ನ್ಯಾಯದ ಮಾತು. ಕೆರೆಯ ಕೆಳಗೆ ತೂಬಿನ ಬಳಿಯ ಗದ್ದೆಯವನಿಗೆ ಸುಖ, ಕೊನೆಯ ಗದ್ದೆಯವನಿಗೆ ಕಷ್ಟ. ಕೈಯಿಂದ ಕೈಗೆ ದಾಟಿಸುವ ಸಂವೇದಕ ಜಾಲದಲ್ಲಿ ಇದು ತಲೆಕೆಳಗು. ಕೇಂದ್ರದ ಬಳಿಯವನೇ ಎಲ್ಲರ ಹೊರೆಯನ್ನೂ ಹೊತ್ತು ಮೊದಲು ಸೋಲುತ್ತಾನೆ. ಆದುದರಿಂದ ಎಲ್ಲರೂ ಸಮಾನವಾಗಿ ಹೊರಲಿ ಎಂಬ ನಿಯಮ ಕೇಳುವುದಕ್ಕೆ ಸೊಗಸಾದರೂ ನಡೆಯುವುದಕ್ಕೆ ಸಾಲದು. ಹೆಚ್ಚು ಹೊರುವವನ ಬ್ಯಾಟರಿಯನ್ನು ಊರವರೆಲ್ಲ ಕೂಡಿ ಬದಲಾಯಿಸಿಕೊಡುವುದೋ, ಅವನ ಹೊಲದಲ್ಲಿ ಬಿಸಿಲಿನಿಂದ ವಿದ್ಯುತ್ತು ಮಾಡುವ ಫಲಕವನ್ನಿಡುವುದೋ ನ್ಯಾಯ.

ನಿಮ್ಮ ಊರಿಗೆ ನಾಳೆ ಯಾರಾದರೂ ಇಂಥ ಪೆಟ್ಟಿಗೆಗಳನ್ನು ತಂದರೆ, ಅವರು ಸರ್ಕಾರದವರಾಗಿರಲಿ, ಕಂಪನಿಯವರಾಗಿರಲಿ, ವಿದ್ವಾಂಸರಾಗಿರಲಿ, ಬೆಲೆಯೆಷ್ಟು ಎಂದು ಕೇಳುವುದಕ್ಕೆ ಮೊದಲು ನಾಲ್ಕು ಪ್ರಶ್ನೆಗಳನ್ನು ಕೇಳಿ. ಇದು ನೆರೆಯವನ ಪೆಟ್ಟಿಗೆಯೊಡನೆ ಮಾತನಾಡಬಲ್ಲುದೆ, ಅಥವಾ ತನ್ನ ಒಡೆಯನೊಡನೆ ಮಾತ್ರವೆ? ಇದು ನಮ್ಮ ಹೊಲದಿಂದ ಕೊಂಡೊಯ್ದ ತಿಳಿವಳಿಕೆ ನಮಗೂ ಮರಳಿ ದೊರೆಯುವುದೆ? ಪರರಿಗಾಗಿ ನಮ್ಮ ಬ್ಯಾಟರಿ ಸವೆದರೆ ಅದನ್ನು ತುಂಬಿಕೊಡುವವರಾರು? ನಿಯಮವನ್ನು ಬದಲಾಯಿಸಬೇಕಾದಾಗ ನಮ್ಮನ್ನು ಕೇಳುವಿರಾ? ಈ ನಾಲ್ಕಕ್ಕೂ ನೇರವಾದ ಉತ್ತರ ಬಂದರೆ ಪೆಟ್ಟಿಗೆಗೆ ಹೊಲದಲ್ಲಿ ಜಾಗ ಕೊಡಿ. ಬರದಿದ್ದರೆ ಅವರು ಕೇಳುತ್ತಿರುವುದು ಮುಯ್ಯಾಳನ್ನಲ್ಲ, ಬಿಟ್ಟಿಯಾಳನ್ನು ಎಂದು ತಿಳಿಯಿರಿ. ಈ ಎರಡರ ಅಂತರವನ್ನು ಯಂತ್ರ ಅರಿಯದು. ಅದನ್ನು ನೆಡುವವನೂ ನೆಡಿಸಿಕೊಳ್ಳುವವನೂ ಅರಿತಿರಬೇಕು.